ಬಾಗಲಕೋಟೆಗೋ, ಬಾಗಲಕೋಟೆಯಿಂದಲೋ

ಹೆಸರು ಕೇಳಿದೆ. ತುಟಿ ಅಲುಗಿತು, ಹೆಸರು ಬರಲಿಲ್ಲ. ಊರು ಕೇಳಿದೆ. ಹಣೆಯ ಮೇಲೆ ಬೆವರು ಮೂಡಿತು, ಊರೂ ಬರಲಿಲ್ಲ. “ಏನ ಕೆಲಸ ಮಾಡ್ತೀರಿ?” ಎಂದು ಕೇಳಿದ್ದೇ ತಡ, ಆ ಮನುಷ್ಯ ಕುರ್ಚಿಯಲ್ಲಿ ನೆಟ್ಟಗೆ ಕೂತು, ಎಡಗೈಯನ್ನು ಮೈಕ್ ಹಿಡಿದ ಹಾಗೆ ಬಾಯಿಯ ಹತ್ತಿರ ತಂದು, ಹೊರಗಿನ ಕಾರಿಡಾರಿಗೆಲ್ಲ ಕೇಳುವಂತೆ ಹೇಳಿದರು: “ಪ್ರಯಾಣಿಕರ ಗಮನಕ್ಕೆ. ಇಳಕಲ್‌ನಿಂದ ಬಂದು ಅಮೀನಗಡ, ಕಮತಗಿ ಮಾರ್ಗವಾಗಿ ಬಾಗಲಕೋಟೆಗೆ ಹೋಗುವ ಬಸ್ಸು ಪ್ಲಾಟ್‌ಫಾರಂ ಎರಡರಲ್ಲಿ ನಿಂತಿದೆ.”

ಒಂದಕ್ಷರ ತಪ್ಪಿರಲಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತೇಬಿಟ್ಟರು. “ಬಂತ್ರಿ ಮೇಡಮ್ಮಾರ, ಮಾತು ಬಂತು! ಲಕ್ವಾ ಹೊಡದಾಗಿಂದ ಇಷ್ಟು ಮಾತಾಡಿದ್ದಿಲ್ಲ ನೋಡ್ರಿ.”

ನಾನು ಸಂಭ್ರಮಪಡಲಿಲ್ಲ. “ಬಾದಾಮಿ ಬಸ್ಸು ಎಲ್ಲಿ ನಿಂತೈತ್ರಿ?” ಎಂದೆ. ಮತ್ತೆ ಕೈ ಮೇಲೆ ಹೋಯಿತು, ಮತ್ತೆ ಅದೇ ಇಳಕಲ್, ಅದೇ ಬಾಗಲಕೋಟೆ, ಅದೇ ಪ್ಲಾಟ್‌ಫಾರಂ ಎರಡು. ಹೆಂಡತಿಯ ಕಡೆ ಕೈ ತೋರಿಸಿ “ನಿಮ್ಮ ಮನ್ಯಾರ ಹೆಸರೇನು?” ಎಂದೆ. “ಪ್ರಯಾಣಿಕರ...” ಎಂದು ಶುರು ಮಾಡಿದವರು ತಾವೇ ನಿಲ್ಲಿಸಿ, ಕೈಯಿಂದ ತೊಡೆಗೆ ಗುದ್ದಿಕೊಂಡರು. ತಾನು ಹೇಳುತ್ತಿರುವುದು ತಪ್ಪೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನನಗೆ ಆ ಗುದ್ದು ಕಂಡೇ ಧೈರ್ಯ ಬಂತು.

ನಾನು ಬಾಗಲಕೋಟೆಯ ಒಂದು ಆಸ್ಪತ್ರೆಯಲ್ಲಿ ಮಾತಿನ ಚಿಕಿತ್ಸೆ ಮಾಡುವವಳು. ಹುಟ್ಟಿದ್ದು ಬಾದಾಮಿ, ಓದಿದ್ದು ಮೈಸೂರು, ಬಾಯಿ ಮೊದಲಿನಿಂದಲೂ ಜೋರು. ಅವರು ಹುನಗುಂದ ಬಸ್‌ಸ್ಟ್ಯಾಂಡಿನ ಕಂಟ್ರೋಲರ್. ಯಾವ ಬಸ್ಸು ಎಲ್ಲಿಂದ ಬಂತು, ಎಲ್ಲಿಗೆ ಹೋಗುತ್ತದೆ ಎಂದು ಮೈಕಿನಲ್ಲಿ ಕೂಗುವುದು ಅವರ ಕೆಲಸ. ಲಕ್ವಾ ಬಲಗೈಯ ಬಲವನ್ನು ತೆಗೆದುಕೊಂಡಿತ್ತು, ಕಾಲನ್ನು ಸ್ವಲ್ಪ ಎಳೆಯುವಂತೆ ಮಾಡಿತ್ತು. ಅದಕ್ಕೆಲ್ಲ ಅವರು ತಲೆ ಕೆಡಿಸಿಕೊಂಡಿರಲಿಲ್ಲ. ಚಿಂತೆಯೆಲ್ಲ ಮಾತಿನದು, ರಜೆ ಉಳಿದದ್ದು ಕೆಲವೇ ತಿಂಗಳು. ಮಾತು ಬರದಿದ್ದರೆ ಅವರನ್ನು ಡಿಪೋದ ಒಳಗೆ ಟಯರ್ ಕೋಣೆಗೆ ಹಾಕುವುದಾಗಿ ಮ್ಯಾನೇಜರ್ ಹೇಳಿದ್ದರಂತೆ. “ಪಗಾರ ಅಷ್ಟೇ ಬರ್ತೈತ್ರಿ, ಅದರ ಚಿಂತಿಲ್ಲ. ಆದ್ರ ಮೈಕ್ ಹೋದ್ರ ಇವ್ರು ಮನಷ್ಯಾ ಆಗಿ ಉಳ್ಯಾಂಗಿಲ್ಲ,” ಎಂದರು ಹೆಂಡತಿ. ಕಂಟ್ರೋಲರ್ ನೆಲ ನೋಡುತ್ತ ತಲೆಯಾಡಿಸಿದರು.

ಇಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು. ಬಾಯಿಪಾಠವಾದ ಸಾಲು ಒಂದೇ ತುಂಡಾಗಿ ಬರುತ್ತದೆ. ಮಿದುಳಿಗೆ ಪೆಟ್ಟು ಬಿದ್ದವರಲ್ಲೂ ಎಣಿಕೆ, ದೇವರ ನಾಮ, ಬೈಗುಳ ಹೀಗೆ ಅಖಂಡವಾಗಿ ಉಳಿದಿರುವುದುಂಟು. ಅದು ವಾಕ್ಯದ ಹಾಗೆ ಕೇಳಿಸುತ್ತದೆ, ಆದರೆ ಆಡುವವರು ಅದನ್ನು ಆ ಹೊತ್ತಿಗೆ ಕಟ್ಟಿದ್ದಲ್ಲ. ವಾಕ್ಯ ಎಂದರೆ ಪದಗಳ ಸಾಲೂ ಅಲ್ಲ. ಪದಗಳು ಮೊದಲು ತಮ್ಮ ತಮ್ಮಲ್ಲೇ ಗುಂಪಾಗುತ್ತವೆ, ಆಮೇಲೆ ಗುಂಪುಗಳು ಸೇರಿ ವಾಕ್ಯವಾಗುತ್ತದೆ. ಈ ಗುಂಪಿಗೆ ಪದಗುಚ್ಛ ಎನ್ನುತ್ತಾರೆ. ‘ಬಾದಾಮಿಗೆ ಹೋಗುವ ಬಸ್ಸು’ ಒಂದು ಗುಚ್ಛ. ‘ಯಾವುದು ನಿಂತಿದೆ?’ ಎಂದು ಕೇಳಿದರೆ ಅಷ್ಟನ್ನೂ ಒಟ್ಟಿಗೆ ಉತ್ತರವಾಗಿ ಕೊಡಬಹುದು. ವಾಕ್ಯದಲ್ಲಿ ಹಿಂದೆ ಮುಂದೆ ಮಾಡುವುದಿದ್ದರೂ ಅಷ್ಟನ್ನೂ ಒಟ್ಟಿಗೇ ಎತ್ತಿಡಬೇಕು. ಮದುವೆಯ ಬೀಗರು ಬಸ್ಸು ಹತ್ತಿದ ಹಾಗೆ, ಇಳಿದರೆ ಎಲ್ಲರೂ ಒಂದೇ ಸ್ಟಾಪಿನಲ್ಲಿ ಇಳಿಯುತ್ತಾರೆ.

ಗುಂಪು ಹೇಗಾಯಿತು ಎನ್ನುವುದರ ಮೇಲೆ ಅರ್ಥವೇ ಬದಲಾಗುತ್ತದೆ. ‘ಇಳಕಲ್ಲಿನ ಹೊಸ ಸೀರೆ ಅಂಗಡಿ’ ಎಂದರೆ ಹೊಸದು ಸೀರೆಯೋ, ಅಂಗಡಿಯೋ? ಪದಗಳು ಅವೇ, ಕಟ್ಟು ಬೇರೆ. ನಮ್ಮ ಕಂಟ್ರೋಲರಿಗೆ ಕಳೆದುಹೋದದ್ದು ಈ ಕಟ್ಟು. ಮೊದಲ ದಿನದ ಗಾಬರಿ ಇಳಿದ ಮೇಲೆ ನೋಡಿದರೆ ಅವರಲ್ಲಿ ಊರಿನ ಹೆಸರುಗಳಿದ್ದವು, ‘ಬಸ್ಸು’ ಇತ್ತು, ‘ಚಾ’ ಇತ್ತು. ‘ಗೆ’, ‘ಇಂದ’, ‘ಅಲ್ಲಿ’ ಎಂಬ ಪ್ರತ್ಯಯಗಳು ಇರಲಿಲ್ಲ, ಕ್ರಿಯಾಪದವಂತೂ ಪೂರಾ ಮಾಯ. “ಬಾದಾಮಿ... ಬಸ್ಸು...” ಎಂದು ನಿಂತುಬಿಡುತ್ತಿದ್ದರು. ಬಾದಾಮಿಗೆ ಹೋಗುವುದೋ, ಬಾದಾಮಿಯಿಂದ ಬಂದದ್ದೋ, ಕೇಳಿದವರಿಗೆ ತಿಳಿಯುತ್ತಿರಲಿಲ್ಲ.

ಮೊದಲು ಚಿತ್ರದ ಕಾರ್ಡುಗಳನ್ನು ತೆಗೆದೆ. ಎಲ್ಲರಿಗೂ ಅದನ್ನೇ ತೆಗೆಯುವುದು. ಹುಡುಗ ಸೇಬು ತಿನ್ನುವ ಚಿತ್ರ, ಕೆಳಗೆ ‘ಹುಡುಗ ಸೇಬನ್ನು ತಿನ್ನುತ್ತಿದ್ದಾನೆ’ ಎಂದು ಅಚ್ಚು. “ಹುಡುಗ,” ಎಂದರು. “ಸೇಬು,” ಎಂದರು. ಆಮೇಲೆ ನಾನು ‘ತಿನ್ನುತ್ತಿದ್ದಾನೆ’ ಎಂದು ಹೇಳಿಕೊಟ್ಟರೆ, ಬೇಯದ ಕಾಳು ಬಾಯಿಗೆ ಬಂದವರಂತೆ ಮುಖ ಮಾಡಿದರು. ನಾಲ್ಕೈದು ಭೇಟಿಗಳಲ್ಲಿ ಆ ಹುಡುಗ ಆ ಸೇಬನ್ನು ತಿಂದು ಮುಗಿಸಲೇ ಇಲ್ಲ.

ಆಗ ನನಗೊಂದು ಉಪಾಯ ಹೊಳೆಯಿತು. ಅವರಲ್ಲಿ ಉಳಿದ ಆ ಘೋಷಣೆಯನ್ನೇ ಚೌಕಟ್ಟು ಮಾಡಿಕೊಂಡು ಊರ ಹೆಸರುಗಳನ್ನು ಮಾತ್ರ ಬದಲಿಸಿದರೆ ಹೇಗೆ? ಇಳಕಲ್ ಇದ್ದ ಕಡೆ ಬಾದಾಮಿ, ಬಾಗಲಕೋಟೆ ಇದ್ದ ಕಡೆ ಇಳಕಲ್. ನಾನು ಎರಡು ಹೆಸರು ತೋರಿಸುವುದು, ಅವರು ತುಂಬಿ ಹೇಳುವುದು. ಕೆಲಸ ಸರಸರ ಸಾಗಿತು. ದನಿ ಗಟ್ಟಿ, ಉಚ್ಚಾರ ಸ್ವಚ್ಛ. ಆಸ್ಪತ್ರೆಯ ನರ್ಸುಗಳೆಲ್ಲ ಬಾಗಿಲಿಗೆ ಬಂದು ನಿಂತು ಕೇಳಿದರು. ನನಗೂ ಭಾರಿ ಖುಷಿಯಾಗಿತ್ತು, ಅದನ್ನೇಕೆ ಮುಚ್ಚಿಡಲಿ.

ಆ ಖುಷಿ ಹುನಗುಂದದಿಂದ ಬಂದ ಒಂದು ಫೋನಿನವರೆಗೆ ಉಳಿಯಿತು. ಮಾಡಿದವರು ಡಿಪೋ ಮ್ಯಾನೇಜರ್. “ಮೇಡಮ್ಮಾರ, ಇವ್ರು ಆರಾಮ ಆಗ್ಯಾರಂತ ಯಾರು ಹೇಳ್ಯಾರ್ರಿ?”

ನಡೆದದ್ದು ಹೀಗೆ. ಕಂಟ್ರೋಲರ್ ಸಂಜೆ ಸುಮ್ಮನೆ ಬಸ್‌ಸ್ಟ್ಯಾಂಡಿಗೆ ಹೋಗಿದ್ದಾರೆ. ಜೊತೆಗಾರರು ಅಭಿಮಾನದಿಂದ “ಒಂದು ಕೂಗ್ರಿ ನೋಡೋಣು” ಎಂದು ಮೈಕ್ ಕೊಟ್ಟಿದ್ದಾರೆ. ಎದುರಿಗೆ ನಿಂತಿದ್ದು ಬಾಗಲಕೋಟೆಯಿಂದ ಬಂದು ಇಳಕಲ್‌ಗೆ ಹೋಗುವ ಬಸ್ಸು. ಅವರ ಕಣ್ಣಿಗೆ ಮೊದಲು ಬಿದ್ದದ್ದು ಬೋರ್ಡಿನ ಮೇಲಿನ ‘ಇಳಕಲ್’. ಮೊದಲು ಬಂದ ಹೆಸರು ಚೌಕಟ್ಟಿನ ಮೊದಲ ಜಾಗದಲ್ಲಿ ಹೋಗಿ ಕೂತಿತು. ಆ ಜಾಗಕ್ಕೆ ‘ನಿಂದ’ ಅಂಟಿಕೊಂಡೇ ಇತ್ತು. “ಇಳಕಲ್‌ನಿಂದ ಬಂದು ಬಾಗಲಕೋಟೆಗೆ ಹೋಗುವ ಬಸ್ಸು” ಎಂದು ಆ ಕಂಚಿನ ಕಂಠ ಸಾರಿಬಿಟ್ಟಿತು. ಎಷ್ಟೋ ವರ್ಷ ಆ ದನಿಯನ್ನು ನಂಬಿ ಬಸ್ಸು ಹತ್ತಿದ ಜನ, ಬೋರ್ಡು ಯಾರು ಓದುತ್ತಾರೆ? ಕೆಲವರನ್ನು ಕಂಡಕ್ಟರ್ ಇಳಿಸಿದ. ಒಬ್ಬ ಅಜ್ಜಿ ಮಾತ್ರ ಕಿಟಕಿಯ ಪಕ್ಕ ಕೂತು ಕಣ್ಣು ಮುಚ್ಚಿಬಿಟ್ಟಿದ್ದಳು. ಕಮತಗಿಯಲ್ಲಿ ಮೊಮ್ಮಗಳನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಹೊರಟವಳು ಇಳಕಲ್ಲಿನಲ್ಲಿ ಇಳಿದಳು. ಅವಳು ತಿರುಗಿ ಬರುವಷ್ಟರಲ್ಲಿ ಕಮತಗಿಯಲ್ಲಿ ಕೂಸಿಗೆ ಹೆಸರಿಟ್ಟು ಆಗಿತ್ತು.

“ನೀವು ಬರದು ಕೊಡೂತನಕ ಮೈಕ್ ಮುಟ್ಟಾಂಗಿಲ್ಲ ಅಂತ ಹೇಳೇನಿ. ನೋಡೂಣು, ಇಲ್ಲಂದ್ರ ಟಯರ್ ಕ್ವಾಣಿ,” ಎಂದು ಮ್ಯಾನೇಜರ್ ಫೋನಿಟ್ಟರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಆ ಚೌಕಟ್ಟಿನ ಮೇಲೆ ಬಂತು. ಹೆಸರು ಬದಲಿಸಿದೆವು, ಕಟ್ಟು ಹಾಗೇ ಉಳಿಯಿತು. ‘ಇಂದ’ ಎಂದರೇನು, ‘ಗೆ’ ಎಂದರೇನು ಎಂದು ಆ ಬಾಯಿಗೆ ಇನ್ನೂ ತಿಳಿದೇ ಇರಲಿಲ್ಲ.

ಮುಂದಿನ ಭೇಟಿಗೆ ಅವರು ಬರಲಿಲ್ಲ. ಅದರ ಮುಂದಿನದಕ್ಕೂ ಬರಲಿಲ್ಲ. ಫೋನ್ ಮಾಡಿದರೆ ಹೆಂಡತಿ, “ಬಾಯಿ ಹೊಲದಕೊಂಡು ಕುಂತಾರ್ರಿ. ಬಸ್ಸು ಅಂತ ಸೈತ ಅನ್ನವಲ್ಲರು,” ಎಂದರು. ನಾನು ಬಿಡುವ ಪೈಕಿ ಅಲ್ಲ. ಭಾನುವಾರ ಬೆಳಗ್ಗೆ ಹುನಗುಂದದ ಬಸ್ಸು ಹತ್ತಿದೆ.

ಮನೆಯಲ್ಲಿ ಅವರು ಪಡಸಾಲೆಯ ಗೋಡೆಗೆ ಮುಖ ಮಾಡಿ ಕೂತಿದ್ದರು. ಹೆಂಡತಿ ಚಹಾ ತಂದಿಟ್ಟರು. ಅವರು ಕಪ್ಪು ದೂಡಿದರು. “ಮುಂಜಾನಿಂದ ಇದು ಮೂರನೇ ಸಲ ಬಿಸಿ ಮಾಡಿದ್ದು,” ಎಂದು ಹೆಂಡತಿಯ ಪಿತ್ತ ನೆತ್ತಿಗೇರಿತು. “ಕುಡೀತೀರೋ, ಕುಡ್ಯಾಂಗಿಲ್ಲೋ? ಒಂದು ಹೇಳ್ರಿ!”

“ಕುಡ್ಯಾಂಗಿಲ್ಲ!” ಎಂದರು ಕಂಟ್ರೋಲರ್.

ನಾನು ಕೂತಲ್ಲಿಂದ ಎದ್ದೆ. ಇಷ್ಟು ದಿನದಲ್ಲಿ ಅವರ ಬಾಯಿಂದ ಘೋಷಣೆಯ ಹೊರಗೆ ಬಂದ ಮೊದಲ ಕ್ರಿಯಾಪದ ಅದು. ಹೆಂಡತಿಯ ಮಾತಿನಿಂದ ಎತ್ತಿಕೊಂಡದ್ದೇ ಇರಬಹುದು. ಆದರೂ ಎರಡು ಕೊಟ್ಟಾಗ ತನಗೆ ಬೇಕಾದ್ದನ್ನು ಆರಿಸಿಕೊಂಡಿದ್ದರಲ್ಲ! “ಯಾರು ಕುಡ್ಯಾಂಗಿಲ್ಲ?” ಎಂದು ಕೇಳಿದೆ.

ಎದೆ ಮುಟ್ಟಿಕೊಂಡರು. “ನಾ.”

“ಏನ ಕುಡ್ಯಾಂಗಿಲ್ಲ?”

“ಚಾ.”

“ಈಗ ಎಲ್ಲಾ ಕೂಡಿಸಿ ನಿಮ್ಮ ಮನ್ಯಾರಿಗೆ ಹೇಳ್ರಿ.”

ಬಹಳ ಹೊತ್ತು ಹಿಡಿಯಿತು. “ನಾ... ಚಾ...” ಎಂದು ನಿಂತರು. ನಾನು ಹೇಳಿಕೊಡಲಿಲ್ಲ. “ಕುಡ್ಯಾಂಗಿಲ್ಲ,” ಎಂದು ಮುಗಿಸಿದರು. ಮುಗಿಸಿದ ಮೇಲೆ ತಮ್ಮ ಬಾಯನ್ನು ತಾವೇ ಮುಟ್ಟಿ ನೋಡಿಕೊಂಡರು. ಹೆಂಡತಿ ನಕ್ಕು, “ಹಿಂಗ ಜಗಳಾ ಮಾಡೂದಾದ್ರ ಹಗಲೆಲ್ಲಾ ಮಾಡ್ರಿ ಅತ್ಲಾಗ,” ಎಂದರು. ಆಮೇಲೆ ಆ ಚಹಾ ಕುಡಿದದ್ದೂ ಕಂಟ್ರೋಲರೇ.

ಹುನಗುಂದದಿಂದ ತಿರುಗಿ ಬರುವ ಬಸ್ಸಿನಲ್ಲಿ, ಅಮೀನಗಡದಲ್ಲಿ ಜನ ಕರದಂಟಿನ ಪೊಟ್ಟಣ ಹಿಡಿದು ಹತ್ತುತ್ತಿರುವಾಗ, ನನಗೆ ಎಲ್ಲ ಸ್ಪಷ್ಟವಾಯಿತು. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. ಆದರೆ ಯಾವ ಯಾವ ಗುಚ್ಛ ಬೇಕೆಂದು ಕರೆಯುವುದು ಅದೇ. ‘ಕುಡಿ’ ಎಂದರೆ ಯಾರು, ಏನು ಎಂದು ಎರಡು ಬೇಕು. ‘ಹೋಗು’ ಎಂದರೆ ಯಾರು, ಎಲ್ಲಿಂದ, ಎಲ್ಲಿಗೆ ಎಂದು ಕೇಳುತ್ತದೆ. ಎಲ್ಲಿಗೆ ಎಂಬ ಪ್ರಶ್ನೆಯ ಬಾಲದಲ್ಲೇ ‘ಗೆ’ ಇದೆ, ಎಲ್ಲಿಂದ ಎಂಬುದರಲ್ಲಿ ‘ಇಂದ’ ಇದೆ. ನಾನು ಆ ಮನುಷ್ಯನಿಗೆ ವಾಕ್ಯದ ಮುಂಬಾಗಿಲಿನಿಂದ ಒಳಗೆ ಬನ್ನಿ ಎನ್ನುತ್ತಿದ್ದೆ. ಕೊನೆಗೆ ಯಾವ ಕ್ರಿಯಾಪದ ಕಾದಿದೆ ಎಂದು ಗೊತ್ತಿಲ್ಲದೆ ಅವರು ಹೆಸರುಗಳನ್ನೆಲ್ಲ ಹೊತ್ತುಕೊಂಡು ಎಲ್ಲಿ ಇಳಿಸಬೇಕು? ಇನ್ನು ಹಿತ್ತಲ ಬಾಗಿಲಿನಿಂದ ಹೋಗುವುದು ಎಂದು ನಿಶ್ಚಯ ಮಾಡಿದೆ. ಕ್ರಿಯಾಪದ ಮೊದಲು ಕೈಗೆ, ಆಮೇಲೆ ಉಳಿದದ್ದು.

ಎರಡನೆಯ ನಿಶ್ಚಯ ಇನ್ನೂ ಸರಳ. ಕಾರ್ಡುಗಳು ಕಪಾಟಿಗೆ ಹೋದವು. ‘ತಿನ್ನುತ್ತಿದ್ದಾನೆ’ ಬೇಡ, ‘ತಿನ್ನಾಕತ್ತಾನ’ ಸಾಕು. ‘ಹೋಗುತ್ತದೆ’ ಬೇಡ, ‘ಹೋಗ್ತೇತಿ’. ನಾನು ಮನೆಯಲ್ಲಿ ನನ್ನ ಅವ್ವನೊಡನೆ ಆಡುವ ಭಾಷೆ ಅದೇ. ಆಸ್ಪತ್ರೆಯ ಬಾಗಿಲಲ್ಲಿ ಚಪ್ಪಲಿಯ ಜೊತೆ ಅದನ್ನೂ ಬಿಟ್ಟು ಬರುವ ಚಾಳಿ ನನಗೆ ಯಾವಾಗ ಹತ್ತಿತೋ ಏನೋ. ಮತ್ತೆ ‘ಪ್ರಯಾಣಿಕರ ಗಮನಕ್ಕೆ’ ಎಂಬ ಮಾತನ್ನು ನನ್ನ ಕೋಣೆಯಲ್ಲಿ ಪೂರಾ ಬಂದ್ ಮಾಡಿದೆ. ಅದು ಬಾಯಿಗೆ ಬಂದರೆ ಇಡೀ ತುಂಡೇ ಹಿಂದೆ ಬರುತ್ತಿತ್ತು.

ನೆಲದ ಮೇಲೆ ಸೀಮೆಸುಣ್ಣದಿಂದ ನಾಲ್ಕು ಮನೆ ಬರೆದೆ. ಬಾಗಿಲ ಕಡೆಯ ಕೊನೆಯ ಮನೆ ಕ್ರಿಯಾಪದದ್ದು. ಕಂಟ್ರೋಲರ್ ಮೊದಲು ಅಲ್ಲಿ ನಿಂತು “ಹೋಗ್ತೇತಿ” ಎನ್ನಬೇಕು. ಒಂದು ಹೆಜ್ಜೆ ಹಿಂದೆ ಬಂದು ಎಲ್ಲಿಗೆ, ಇನ್ನೊಂದು ಹಿಂದೆ ಬಂದು ಎಲ್ಲಿಂದ, ಮತ್ತೊಂದು ಹಿಂದೆ ಬಂದು ಯಾವುದು. ಆಮೇಲೆ ಅಲ್ಲಿಂದ ಮುಂದಕ್ಕೆ ನಡೆಯುತ್ತ ಒಂದೊಂದು ಮನೆಗೆ ಒಂದೊಂದು ಗುಚ್ಛ ಹೇಳುತ್ತ ಬಾಗಿಲು ಮುಟ್ಟಬೇಕು. ‘ಗೆ’ ಬಂದಾಗ ಕೈ ಮುಂದೆ, ‘ಇಂದ’ ಬಂದಾಗ ಕೈ ಹೆಗಲ ಮೇಲಿಂದ ಹಿಂದೆ. ಅದು ಅವರಿಗೆ ಹೊಸದಲ್ಲ, ಡ್ರೈವರುಗಳಿಗೆ ಹಾಗೆ ಕೈ ಮಾಡಿಯೇ ಅವರ ತಲೆ ಹಣ್ಣಾಗಿತ್ತು.

“ಈ ವಯಸ್ಸಿನ್ಯಾಗ ಇವ್ರನ್ನ ಕುಂಟಾಬಿಲ್ಲಿ ಆಡಸ್ತೀರಲ್ರಿ ಮೇಡಮ್ಮಾರ,” ಎಂದು ಹೆಂಡತಿ ಬಾಯಿಗೆ ಸೆರಗು ಹಿಡಿದು ನಕ್ಕರು. “ನೀವೂ ಬರ್ರಿ,” ಎಂದು ಅವರನ್ನು ಪ್ರಶ್ನೆ ಕೇಳಲು ನಿಲ್ಲಿಸಿದೆ. ಅವರು ಕೇಳುವ ವರಸೆಯೇ ಬೇರೆ: “ಎಲ್ಲಿಗಿ? ನೆಟ್ಟಗ ಹೇಳ್ರಿ, ನಾ ಹತ್ತಬೇಕಲ್ಲ!” ಕಂಟ್ರೋಲರಿಗೆ ರೇಗುತ್ತಿತ್ತು, ರೇಗಿದರೆ ಮಾತು ಬರುತ್ತಿತ್ತು. “ಬಸ್ಸು... ಇಳಕಲ್ಲಿನಿಂದ... ಬಾದಾಮಿಗೆ... ಹೋಗ್ತೇತಿ.” ನಾನು ಊರು ಅದಲು ಬದಲು ಮಾಡಿದರೂ ಕೈ ಜೊತೆಗೇ ಪ್ರತ್ಯಯ ಬಂತು. ಈ ಸಲ ನನಗೆ ಖಾತ್ರಿಯಿತ್ತು, ಏಕೆಂದರೆ ತಪ್ಪಿದಾಗ ಅವರೇ ನಿಂತು, ಹಿಂದೆ ನಡೆದು, ಸರಿ ಮಾಡಿಕೊಳ್ಳುತ್ತಿದ್ದರು.

ಆದರೂ ಒಂದು ಕಡೆ ಗಾಡಿ ಹೂತಿತು. ‘ಬಾದಾಮಿಗೆ ಹೋಗೋ ಬಸ್ಸು’ ಎನ್ನುವಾಗ ‘ಹೋಗು’ ವಾಕ್ಯ ಮುಗಿಸುವುದಿಲ್ಲ, ‘ಹೋಗೋ’ ಆಗಿ ಮುಂದಿನ ‘ಬಸ್ಸು’ ಎಂಬುದಕ್ಕೆ ಜೋತುಬೀಳುತ್ತದೆ. ಒಂದು ಪುಟ್ಟ ವಾಕ್ಯವೇ ಗುಚ್ಛದ ಹೊಟ್ಟೆಯೊಳಗೆ ಸೇರಿದ ಹಾಗೆ. ಇದು ಬರದೆ ಮೈಕಿನ ಕೆಲಸ ಸಾಧ್ಯವೇ ಇಲ್ಲ. ಅವರು ಮಾತ್ರ ಪ್ರತಿ ಸಲ ‘ಹೋಗ್ತೇತಿ’ ಎಂದು ಬಾಗಿಲು ಮುಟ್ಟಿ ನಿಂತುಬಿಡುತ್ತಿದ್ದರು. ವಾರಗಳು ಹೋದವು, ರಜೆಯೂ ಕರಗುತ್ತಿತ್ತು. ನನ್ನ ಪ್ರಶ್ನೆಗಳೆಲ್ಲ ಖಾಲಿಯಾದಾಗ ಆ ಭಾನುವಾರದ ಚಹಾ ನೆನಪಾಯಿತು.

“ಆವತ್ತು ಚಾ ಯಾರು ಮಾಡಿದ್ರು?” ಎಂದೆ.

“ಇಕಿ ಮಾಡಿದ್ಲು.”

“ಯಾವ ಚಾ ಕುಡ್ಯಾಂಗಿಲ್ಲಂದ್ರಿ?”

ಹೆಂಡತಿಯ ಕಡೆ ಓರೆಗಣ್ಣಿನಿಂದ ನೋಡಿದರು. ಮೀಸೆಯ ಕೆಳಗೆ ನಗು ಇತ್ತು. “ಇಕಿ... ಮಾಡಿದ ಚಾ... ನಾ ಕುಡ್ಯಾಂಗಿಲ್ಲ.”

“ಕುಡೀಬ್ಯಾಡ್ರಿ! ನಾಳಿಂದ ಹೋಟೆಲ್‌ದಾಗ ಕುಡೀರಿ!” ಎಂದರು ಹೆಂಡತಿ. ನನಗೆ ಕುಣಿಯಬೇಕೆನಿಸಿತು. ‘ಮಾಡಿದ್ಲು’ ಎಂಬುದು ‘ಮಾಡಿದ’ ಆಗಿ ಚಹಾಕ್ಕೆ ಕೂಡಿಕೊಂಡಿತ್ತು, ಯಾರೂ ಹೇಳಿಕೊಟ್ಟಿರಲಿಲ್ಲ. ಇಕಿ ಮಾಡಿದ ರೊಟ್ಟಿ, ಇಕಿ ಬೈದ ಮಾತು, ಇಕಿ ಉಟ್ಟ ಸೀರಿ. ಆ ಮಧ್ಯಾಹ್ನವೆಲ್ಲ ಹೆಂಡತಿಯ ಮೇಲೇ ವ್ಯಾಕರಣ ನಡೆಯಿತು. ಅಲ್ಲಿಂದ ‘ಬಾದಾಮಿಗೆ ಹೋಗೋ ಬಸ್ಸು’ ಎಂಬಲ್ಲಿಗೆ ಬರುವುದು ಕಷ್ಟವಾಗಲಿಲ್ಲ.

ಬರೆದು ಕೊಡುವ ಬದಲು ನಾನೇ ಹುನಗುಂದಕ್ಕೆ ಹೋದೆ. ಕಾಗದ ಓದಿ ಮ್ಯಾನೇಜರ್ ನಂಬುವುದಕ್ಕಿಂತ ಕಿವಿಯಿಂದ ಕೇಳಿ ನಂಬಲಿ ಎನಿಸಿತು. ಕಂಟ್ರೋಲರ್ ಖಾಕಿ ಅಂಗಿಗೆ ಇಸ್ತ್ರಿ ಮಾಡಿಸಿ ಬಂದಿದ್ದರು. ಮ್ಯಾನೇಜರ್ ಒಳ್ಳೆಯ ಮನುಷ್ಯ, ಆದರೆ ಒಮ್ಮೆ ಕೈ ಸುಟ್ಟುಕೊಂಡವರು. “ಬಾಯಿಪಾಠ ಮಾಡಿಸಿ ತಂದೀರೇನೋ. ನಾ ಕೊಟ್ಟದ್ದ ಹೇಳಬೇಕು,” ಎಂದರು. ಅವರು ಕೊಟ್ಟದ್ದು ಆ ಹೊತ್ತಿನ ನಿಜವಾದ ಸುದ್ದಿ. ಬಾದಾಮಿಯ ಬಸ್ಸು ಡಿಪೋದಲ್ಲೇ ಪಂಕ್ಚರ್ ಆಗಿತ್ತು. ಇಳಕಲ್ ಕಡೆಯಿಂದ ಬರುತ್ತಿದ್ದ ಇನ್ನೊಂದು ಬಸ್ಸನ್ನು ಬಾದಾಮಿಗೆ ತಿರುಗಿಸಬೇಕಿತ್ತು. ಪ್ಲಾಟ್‌ಫಾರಂ ಮೇಲೆ ಬಾದಾಮಿಯ ಜನ ಚೀಲ ಹಿಡಿದು ಚಡಪಡಿಸುತ್ತಿದ್ದರು.

ಕಂಟ್ರೋಲರ್ ಮೈಕನ್ನು ಸೋತ ಬಲಗೈಯಿಂದ ಎದೆಗೆ ಒತ್ತಿ ಹಿಡಿದು, ಎಡಗೈ ಖಾಲಿ ಇಟ್ಟುಕೊಂಡರು. ಬಾಯಿ ‘ಪ್ರ’ ಎಂಬ ಆಕಾರಕ್ಕೆ ಬಂತು. ಆ ತುಂಡು ಹೊರಬಿದ್ದರೆ ಮುಗಿಯಿತು, ನೇರ ಟಯರ್ ಕೋಣೆ. ಅವರು ತುಟಿ ಮುಚ್ಚಿದರು. ಹಿಂದಕ್ಕೆ ಒಂದು ಹೆಜ್ಜೆ ಇಟ್ಟರು, ಇನ್ನೊಂದು ಇಟ್ಟರು. ಅಲ್ಲಿ ಸೀಮೆಸುಣ್ಣದ ಮನೆಗಳಿರಲಿಲ್ಲ, ಅವರ ಕಾಲಿಗೆ ಇದ್ದವು. ಮೈಕಿನ ವೈರು ಬಿಗಿಯಾಯಿತು.

“ಬಾದಾಮಿಗೆ ಹೋಗೋ ಬಸ್ಸು... ಪಂಕ್ಚರ್ ಆಗೇತಿ,” ಎಂದರು. ಜನ ತಲೆಯೆತ್ತಿದರು. “ಇಳಕಲ್ಲಿನಿಂದ ಬರೋ ಬಸ್ಸು,” ಕೈ ಹೆಗಲ ಮೇಲಿಂದ ಹಿಂದೆ ಹೋಯಿತು, “ಬಾದಾಮಿಗೆ,” ಕೈ ಮುಂದೆ ಬಂತು, “ಹೋಗ್ತೇತಿ. ಅಲ್ಲಿತನಕ... ಕುಂದರ್ರಿ.”

ಮ್ಯಾನೇಜರ್ ಗಲ್ಲ ಕೆರೆದುಕೊಂಡರು. “ಪ್ರಯಾಣಿಕರ ಗಮನಕ್ಕೆ ಅನ್ನಲಿಲ್ಲಲ್ರಿ?”

“ಅದನ್ನ ನಾನಾ ಬಿಡಿಸೇನ್ರಿ. ಆಮ್ಯಾಲೆ ಬೇಕಾದ್ರ ಕಲಸ್ತೇನಿ. ಮೊದಲ ಅಲ್ಲಿ ನೋಡ್ರಿ,” ಎಂದೆ. ಪ್ಲಾಟ್‌ಫಾರಂ ಮೇಲೆ ಬಾದಾಮಿಯ ಜನ ಚೀಲ ಕೆಳಗಿಟ್ಟು ಕೂತಿದ್ದರು. ಇಳಕಲ್ಲಿನ ಬಸ್ಸು ಬಂದಾಗ ಯಾರನ್ನೂ ಕೇಳದೆ ಹತ್ತಿದರು. ಮ್ಯಾನೇಜರ್ ಆ ಬಸ್ಸು ಗೇಟು ದಾಟುವವರೆಗೆ ನೋಡಿ, “ಆತ್ರಿ. ನಾಳಿಂದ ಮುಂಜಾನಿ ಪಾಳಿ,” ಎಂದರು. ಹೆಂಡತಿ ಕಂಬದ ಮರೆಗೆ ಹೋಗಿ ಕಣ್ಣೊರೆಸಿಕೊಂಡು ಬಂದರು. ನಾನು ಮರೆಗೆ ಹೋಗಲಿಲ್ಲ, ನಿಂತಲ್ಲೇ ಕಣ್ಣು ತುಂಬಿಬಂತು.

ಕೆಲಸ ಮುಗಿದಿತ್ತು. ಗದ್ದಲದಲ್ಲಿ ಅವರಿಗೆ ಹೇಳದೆಯೇ ಹೊರಟು, ಹೊರಗಿನ ಗಾಡಿಯಲ್ಲಿ ಒಂದು ಮಿರ್ಚಿ ಭಜಿ ತಗೊಂಡು ತಿನ್ನುತ್ತ ನಿಂತಿದ್ದೆ. ತಲೆಯ ಮೇಲಿನ ಸ್ಪೀಕರ್ ಗೊರಗುಟ್ಟಿತು.

“ಬಾಗಲಕೋಟಿಗೆ ಹೋಗೋ... ಮೇಡಮ್ಮಾರ ಬಸ್ಸು... ಒಂದನೇ ಪ್ಲಾಟ್‌ಫಾರ್ಮಿನ್ಯಾಗ ನಿಂತೈತಿ. ಮಿರ್ಚಿ ಆಮ್ಯಾಲೆ ತಿನ್ನಾಕ ಬರ್ತೈತಿ. ಲಗೂನ ಹತ್ರಿ.”

ಬಸ್‌ಸ್ಟ್ಯಾಂಡಿಗೆ ಬಸ್‌ಸ್ಟ್ಯಾಂಡೇ ನನ್ನ ಕಡೆ ತಿರುಗಿ ನಕ್ಕಿತು. ಆ ಸ್ಪೀಕರಿನಲ್ಲಿ ಅಂಥ ವಾಕ್ಯ ಹಿಂದೆಂದೂ ಬಂದಿರಲಿಕ್ಕಿಲ್ಲ. ನಾನು ಓಡಿ ಹತ್ತಿ, ಸೀಟು ಹಿಡಿದು, ಚಟಕ್ಕೆ ಬಿದ್ದವಳಂತೆ ಅದನ್ನು ಬಿಡಿಸತೊಡಗಿದೆ. ಬಾಗಲಕೋಟೆಗೆ ಹೋಗುವುದು ಬಸ್ಸೋ, ಮೇಡಮ್ಮೋ? ಎರಡು ರೀತಿಯಲ್ಲೂ ಕಟ್ಟು ಸರಿಯಾಗಿ ಕೂತಿತು. ಬಸ್ಸು ಹೊರಟಿತು, ಇಬ್ಬರೂ ಬಾಗಲಕೋಟೆಗೆ ಹೋದೆವು.